ಕ್ಯಾಂಪರ್‌ನಲ್ಲಿ ಸಾಕುಪ್ರಾಣಿ ಬಿಟ್ಟು ಹೋಗುವವರಿಗೆ: ಸಿಮ್ ಆಧಾರಿತ ತಾಪಮಾನ ನಿಗಾ ಸಾಧನದ ವಿಮರ್ಶೆ

ನಾಯಿಯನ್ನೋ ಬೆಕ್ಕನ್ನೋ ಜೊತೆಗಿಟ್ಟುಕೊಂಡು ಕ್ಯಾಂಪರ್‌ನಲ್ಲಿ, ಎಂದರೆ ಒಳಗೇ ಉಳಿದು ಮಲಗುವ ಅನುಕೂಲವಿರುವ ವಾಹನದಲ್ಲಿ, ಪ್ರಯಾಣ ಮಾಡುವವರು ಎಷ್ಟೇ ಜಾಗ್ರತೆಯಿಂದ ಯೋಜನೆ ಹಾಕಿಕೊಂಡರೂ, ಪ್ರಾಣಿಯನ್ನು ಒಳಗೆ ಬಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಲೇಬೇಕಾದ ಸಂದರ್ಭ ಬಂದೇ ಬರುತ್ತದೆ. ಆಸ್ಪತ್ರೆ, ವಸ್ತುಸಂಗ್ರಹಾಲಯ, ಹೋಟೆಲು ಮೊದಲಾದ ಕಡೆ ಪ್ರಾಣಿಗಳಿಗೆ ಪ್ರವೇಶವಿರುವುದಿಲ್ಲ. ಎಸಿ ಹಾಕಿ, ನೀರಿಟ್ಟು, ಕಿಟಕಿಯ ಪರದೆ ಎಳೆದು ಬಾಗಿಲು ಹಾಕಿಕೊಂಡು ಹೊರಟಮೇಲೆ ಆ ಎಸಿ ಓಡುತ್ತಲೇ ಇದೆಯೋ ಇಲ್ಲವೋ ಎಂಬುದು ನಮಗೆ ತಿಳಿಯುವ ದಾರಿಯೇ ಇರುವುದಿಲ್ಲ. ಆ ಕೊರತೆಯನ್ನು ತುಂಬಲೆಂದು ಬಂದಿರುವ, ಒಳಗೇ ಸಿಮ್ ಇರುವ, ಮೊಬೈಲ್ ನೆಟ್‌ವರ್ಕ್ ಮೂಲಕ ತಾಪಮಾನವನ್ನು ತಿಳಿಸುವ ಪುಟ್ಟ ಸಾಧನವೊಂದನ್ನು ಕಳೆದ ಬೇಸಿಗೆಯಿಂದ ಬಳಸುತ್ತಿದ್ದೇನೆ. ಅದರ ಗುಣದೋಷಗಳನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಈ ಬಗೆಯ ಸಾಧನಗಳೆಲ್ಲ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಕೆಲಸ ಮಾಡುತ್ತವೆ. ಕೊಳ್ಳುವವರು ನೋಡಬೇಕಾದದ್ದು ಬ್ರ್ಯಾಂಡಿನ ಹೆಸರನ್ನಲ್ಲ, ಅದು ಕೆಲಸ ಮಾಡುವ ಬಗೆಯನ್ನು. ಆದ್ದರಿಂದ ನಾನು ಬಳಸುತ್ತಿರುವ ಸಾಧನದ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ತಾಪಮಾನವನ್ನು ಅಳೆಯುವ ಕೆಲಸದಲ್ಲಿ ಈ ಸಾಧನ ಚೆನ್ನಾಗಿದೆ. ಕರೆಂಟ್ ಹೋದ ಕೂಡಲೇ ತಿಳಿಸುವ ಕೆಲಸದಲ್ಲಿ ಬಹಳ ಚೆನ್ನಾಗಿದೆ. ಆದರೆ ಸಾಧನವೇ ಬಾಯಿ ಮುಚ್ಚಿದಾಗ, ಎಂದರೆ ನೆಟ್‌ವರ್ಕ್ ಸಿಗದೆಯೋ ಬ್ಯಾಟರಿ ಮುಗಿದೋ ಸುದ್ದಿ ನಿಂತಾಗ, ಆ ಮೌನವನ್ನು ಎಷ್ಟು ಬೇಗ ಅಪಾಯವೆಂದು ಪರಿಗಣಿಸಿ ನಮಗೆ ತಿಳಿಸುತ್ತದೆ ಎಂಬ ವಿಷಯದಲ್ಲಿ ಇದು ಹಿಂದೆ ಬಿದ್ದಿದೆ. ನನ್ನ ದೃಷ್ಟಿಯಲ್ಲಿ ಇಡೀ ಸಾಧನದ ಯೋಗ್ಯತೆ ನಿರ್ಧಾರವಾಗುವುದು ಈ ಕೊನೆಯ ಅಂಶದಲ್ಲಿಯೇ.

ನಿಮಿಷಗಳ ಲೆಕ್ಕ ಏಕೆ ಇಷ್ಟು ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊರಗಿನ ತಾಪಮಾನ 22 ಡಿಗ್ರಿಯಿಂದ 36 ಡಿಗ್ರಿ ಸೆಲ್ಸಿಯಸ್‌ವರೆಗೆ ಇದ್ದ ಬಿಸಿಲಿನ ದಿನಗಳಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗಿನ ತಾಪಮಾನವನ್ನು ಅಳೆದಿದ್ದರು. ಪ್ರತಿ 5 ನಿಮಿಷಕ್ಕೆ ಸರಾಸರಿ 1.8 ಡಿಗ್ರಿಯಂತೆ ಬಿಸಿ ಏರಿತು. ಒಂದು ಗಂಟೆಯಲ್ಲಿ ಆಗುವ ಏರಿಕೆಯ ಶೇಕಡಾ 80ರಷ್ಟು ಮೊದಲ 30 ನಿಮಿಷಗಳಲ್ಲಿಯೇ ಆಗಿಹೋಗಿತ್ತು. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕ್ಯಾಂಪರ್ ಕಾರಿಗಿಂತ ದೊಡ್ಡದು, ಅದರ ಗೋಡೆಯಲ್ಲಿ ಶಾಖ ತಡೆಯುವ ಪದರವೂ ಇರುತ್ತದೆ, ಹಾಗಾಗಿ ಅದು ಕಾರಿನಷ್ಟು ವೇಗವಾಗಿ ಕಾಯುವುದಿಲ್ಲ ಎಂಬ ಮಾತು ನಿಜ. ಆದರೆ ತೆಳುವಾದ ಚಾವಣಿ, ಅಗಲವಾದ ಕಿಟಕಿಗಳು, ಮುಂದಿನ ದೊಡ್ಡ ಗಾಜು ಇವೆಲ್ಲ ಸೇರಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಕ್ಯಾಂಪರ್ ಕೂಡ ಎಸಿ ನಿಂತ ಸ್ವಲ್ಪ ಹೊತ್ತಿನಲ್ಲೇ ಹೊರಗಿನ ಬಿಸಿಯನ್ನು ಮುಟ್ಟಿ, ಆಮೇಲೆ ಅದನ್ನೂ ಮೀರುತ್ತದೆ.

ನಾಯಿಯ ದೇಹದ ಸಹಜ ತಾಪಮಾನ ಸುಮಾರು 38.3ರಿಂದ 39.2 ಡಿಗ್ರಿ. ಅದು 41 ಡಿಗ್ರಿ ದಾಟಿತೆಂದರೆ ಶಾಖಾಘಾತದ ಹಂತ, ಅಂಗಾಂಗಗಳಿಗೇ ಪೆಟ್ಟು ಬೀಳುವ ಸ್ಥಿತಿ. ಸಹಜ ಸ್ಥಿತಿಗೂ ಪ್ರಾಣಾಪಾಯಕ್ಕೂ ನಡುವೆ ಇರುವ ಅಂತರ ಎರಡೇ ಡಿಗ್ರಿಯಷ್ಟು. ಮನುಷ್ಯರಂತೆ ಮೈಯೆಲ್ಲ ಬೆವರಿ ತಂಪಾಗಲು ನಾಯಿಗೆ ಸಾಧ್ಯವಿಲ್ಲ. ಬಾಯಿ ತೆರೆದು, ನಾಲಿಗೆ ಚಾಚಿ ತೇಕುತ್ತಾ, ಉಸಿರಿನ ದಾರಿಯ ತೇವವನ್ನು ಆವಿಯಾಗಿಸಿಯೇ ಅದು ಬಹುಪಾಲು ಶಾಖವನ್ನು ಹೊರಹಾಕಬೇಕು. ಸುತ್ತಲಿನ ಗಾಳಿಯಲ್ಲಿ ಈಗಾಗಲೇ ತೇವ ತುಂಬಿದ್ದರೆ ಆವಿಯಾಗುವುದೂ ಕುಂಠಿತವಾಗುತ್ತದೆ. ಮುಚ್ಚಿದ ಕ್ಯಾಂಪರ್‌ನಲ್ಲಿ ತೇಕುತ್ತಿರುವ ನಾಯಿಯ ಉಸಿರೇ ಆ ತೇವವನ್ನು ಹೆಚ್ಚಿಸುತ್ತಾ ಹೋಗುತ್ತದೆ. ನಮ್ಮ ಜೊತೆ ಪ್ರಯಾಣಿಸುವುದು ವಯಸ್ಸಾದ ಪಗ್. ಪಗ್, ಬುಲ್‌ಡಾಗ್, ಬಾಕ್ಸರ್ ಮುಂತಾದ ಮೊಂಡು ಮೂಗಿನ ತಳಿಗಳಿಗೆ ಉಸಿರಾಟದ ದಾರಿಯೇ ಇಕ್ಕಟ್ಟಾಗಿರುವುದರಿಂದ ಅವುಗಳ ಪಾಲಿಗೆ ಈ ಅಂತರ ಇನ್ನೂ ಕಿರಿದು. ಪರ್ಷಿಯನ್ ಬೆಕ್ಕುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸ್ಥೂಲಕಾಯದ ಪ್ರಾಣಿಗಳು, ಹೃದಯದ ತೊಂದರೆ ಇರುವ ಪ್ರಾಣಿಗಳು ಸಹ ಇದೇ ಸಾಲಿಗೆ ಸೇರುತ್ತವೆ.

ಮಾರುಕಟ್ಟೆಯಲ್ಲಿ ಸಿಗುವ ನಿಗಾ ಸಾಧನಗಳು ಸ್ಥೂಲವಾಗಿ ಮೂರು ಬಗೆಯವು. ಸೆನ್ಸರ್‌ಪುಶ್‌ನಂಥವು ಬ್ಲೂಟೂತ್ ಮೂಲಕ ಫೋನಿಗೆ ಸುದ್ದಿ ಕಳುಹಿಸುತ್ತವೆ. ಸುದ್ದಿಯನ್ನು ಇಂಟರ್ನೆಟ್‌ಗೆ ದಾಟಿಸುವ ಪ್ರತ್ಯೇಕ ಗೇಟ್‌ವೇ ಸಾಧನ ಸೇರಿಸದೆ ಹೋದರೆ ನಾವು ಹತ್ತಿರದಲ್ಲಿ ಇದ್ದಾಗ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ಟೆಂಪ್ ಸ್ಟಿಕ್‌ನಂಥವು ವೈಫೈ ಮೂಲಕ ಕೆಲಸ ಮಾಡುತ್ತವೆ. ವ್ಯಾಗಲ್, ಮಾರ್‌ಸೆಲ್ ಮೊದಲಾದವು ನೇರವಾಗಿ ಮೊಬೈಲ್ ನೆಟ್‌ವರ್ಕ್ ಬಳಸುತ್ತವೆ. ವೈಫೈ ಸಾಧನಗಳ ಅಳತೆ ಕೆಟ್ಟದ್ದೆಂದು ಯಾರೂ ಹೇಳಲಾರರು, ಮನೆಯೊಳಗಿನ ಬಳಕೆಗೆ ಅವು ಒಪ್ಪುವಂಥವೇ. ಆದರೆ ಕ್ಯಾಂಪರ್‌ನ ಪರಿಸ್ಥಿತಿಯಲ್ಲಿ ಒಂದು ಮೂಲಭೂತ ತೊಡಕಿದೆ. ಎಸಿ ನಿಲ್ಲುವುದಕ್ಕೆ ಅತಿ ಸಾಮಾನ್ಯ ಕಾರಣ ಹೊರಗಿನಿಂದ ಬರುವ ಕರೆಂಟ್ ಕಡಿತವಾಗುವುದು. ಅದೇ ಕರೆಂಟಿನಿಂದ ವೈಫೈ ರೌಟರ್ ಕೂಡ ನಡೆಯುತ್ತಿದ್ದರೆ ಎಸಿಯ ಜೊತೆಗೇ ರೌಟರ್ ಆರಿಹೋಗುತ್ತದೆ, ಸೆನ್ಸರ್ ತನ್ನಷ್ಟಕ್ಕೆ ಬಿಸಿಯನ್ನು ಅಳೆಯುತ್ತಾ ಕುಳಿತರೂ ಹೇಳುವ ದಾರಿ ಮುಚ್ಚಿರುತ್ತದೆ. ಇಂಥ ವಾಹನಗಳು ತಂಗುವ ಕ್ಯಾಂಪಿನ ಸಾರ್ವಜನಿಕ ವೈಫೈ ಅಂತೂ ಸಂಜೆಯ ಹೊತ್ತಿಗೆ ಎಲ್ಲರೂ ಬಳಸತೊಡಗಿದಾಗ ನೆಚ್ಚಿಕೊಳ್ಳುವಂಥದ್ದಲ್ಲ. ರೌಟರನ್ನು ಕ್ಯಾಂಪರ್‌ನ 12 ವೋಲ್ಟ್ ಬ್ಯಾಟರಿಗೆ ಜೋಡಿಸಿಕೊಂಡವರು, ಅದಕ್ಕೆ ತಮ್ಮದೇ ಸಿಮ್ ಹಾಕಿಕೊಂಡವರು ವೈಫೈ ಸಾಧನವನ್ನೂ ಧೈರ್ಯವಾಗಿ ಬಳಸಬಹುದು. ಉಳಿದವರಿಗೆ ಸಿಮ್ ಇರುವ ಸಾಧನವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಈಗ ಸಾಧನದ ವಿಷಯ. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಗಾತ್ರದ ಬಿಳಿಯ ಪ್ಲಾಸ್ಟಿಕ್ ಡಬ್ಬಿ. ಒಂದು ಬದಿಯಲ್ಲಿ ಗಾಳಿಯಾಡಲು ಸಣ್ಣ ಸೀಳುಗಳಿವೆ, ಅವುಗಳ ಹಿಂದೆ ತಾಪಮಾನ ಮತ್ತು ತೇವಾಂಶ ಅಳೆಯುವ ಸೆನ್ಸರ್ ಇದೆ. ಮಾಮೂಲಿ ಫೋನ್ ಚಾರ್ಜರ್ ಮೂಲಕ ಸದಾ ಪ್ಲಗ್‌ಗೆ ಸಿಕ್ಕಿಸಿಡಬೇಕು. ಕರೆಂಟ್ ಹೋದಾಗ ಒಳಗಿನ ಲಿಥಿಯಂ ಬ್ಯಾಟರಿಯಿಂದ ನಡೆಯುತ್ತದೆ. ಆ್ಯಪ್‌ನಲ್ಲಿ ತಾಪಮಾನದ ಮೇಲ್ಮಿತಿ, ಕೆಳಮಿತಿ ಎರಡನ್ನೂ ನಿಗದಿ ಮಾಡಬಹುದು. ಸಂದೇಶ ಯಾರ್ಯಾರಿಗೆ ಹೋಗಬೇಕೆಂದು ಒಬ್ಬರಿಗಿಂತ ಹೆಚ್ಚು ಜನರ ಸಂಖ್ಯೆಗಳನ್ನು ಸೇರಿಸಬಹುದು. ಮೊದಲ ಸಲ ಚಾಲೂ ಮಾಡುವ ಕೆಲಸ ಸುಲಭ, ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಅಳತೆಯ ನಿಖರತೆಯನ್ನು ತಿಳಿಯಲು ನಂಬಿಕಸ್ಥ ಥರ್ಮಾಮೀಟರ್ ಒಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆ. ಎರಡರ ನಡುವಿನ ವ್ಯತ್ಯಾಸ ಅರ್ಧ ಡಿಗ್ರಿಯ ಆಸುಪಾಸಿನಲ್ಲಿತ್ತು, ಈ ಕೆಲಸಕ್ಕೆ ಅಷ್ಟು ಸಾಕು. ಇದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಸಾಧನ ಬದಲಾವಣೆಯನ್ನು ಗ್ರಹಿಸುವ ವೇಗ. ತಂಪಾದ ಕೋಣೆಯಿಂದ ಬಿಸಿಯಾದ ಜಾಗಕ್ಕೆ ತಂದಿಟ್ಟಾಗ ಪ್ಲಾಸ್ಟಿಕ್ ಡಬ್ಬಿಯೇ ಮೊದಲು ಕಾಯಬೇಕಾದ್ದರಿಂದ ನಿಜವಾದ ತಾಪಮಾನವನ್ನು ತೋರಿಸಲು ಹತ್ತು ನಿಮಿಷದಷ್ಟು ತೆಗೆದುಕೊಂಡಿತು. ಸಾಧನ ನಿರಂತರವಾಗಿ ಸುದ್ದಿ ಕಳುಹಿಸುವುದೂ ಇಲ್ಲ, ಕೆಲವು ನಿಮಿಷಗಳಿಗೊಮ್ಮೆ ಕಳುಹಿಸುತ್ತದೆ. ಈ ಎರಡು ವಿಳಂಬಗಳನ್ನು ಕೂಡಿಸಿದರೆ ಪರದೆಯ ಮೇಲೆ ಕಾಣುವ ಅಂಕಿ ಈ ಕ್ಷಣದ್ದಲ್ಲ, ಸ್ವಲ್ಪ ಹಿಂದಿನದು ಎಂಬುದು ಸ್ಪಷ್ಟವಾಗುತ್ತದೆ. ಮಿತಿಯನ್ನು ನಿಗದಿ ಮಾಡುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲಿ ಇಡಬೇಕೆಂಬುದು ನಾನು ಅಂದುಕೊಂಡಿದ್ದಕ್ಕಿಂತ ಸೂಕ್ಷ್ಮವಾದ ವಿಷಯ. ಸಿಗ್ನಲ್ ಚೆನ್ನಾಗಿ ಸಿಗಬೇಕೆಂದರೆ ಕಿಟಕಿಯ ಬಳಿ ಇಡಬೇಕು, ಏಕೆಂದರೆ ಅಲ್ಯೂಮಿನಿಯಂ ಹೊದಿಕೆಯ ಗೋಡೆ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಆದರೆ ಕಿಟಕಿಯ ಬಳಿ ಬಿಸಿಲು ನೇರವಾಗಿ ಬಿದ್ದರೆ ಸೆನ್ಸರ್ ಗಾಳಿಯ ತಾಪಮಾನವನ್ನು ಬಿಟ್ಟು ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ತಾಪಮಾನವನ್ನು ತೋರಿಸತೊಡಗುತ್ತದೆ. ಎಸಿಯ ಗಾಳಿ ನೇರವಾಗಿ ಬೀಸುವ ಕಡೆ ಇಟ್ಟರೆ ಇದಕ್ಕೆ ವಿರುದ್ಧವಾದ ತಪ್ಪು ಆಗುತ್ತದೆ. ಸೆನ್ಸರ್ ತಣ್ಣಗಿದ್ದು, ನಾಯಿ ಮಲಗುವ ಮೂಲೆ ಬಿಸಿಯಾಗಿರುತ್ತದೆ. ಚಾರ್ಜರ್‌ಗೆ ತಾಗಿಕೊಂಡಂತೆ ಇಟ್ಟರೆ ಚಾರ್ಜರಿನ ಬಿಸಿಯೂ ಸೇರಿಕೊಳ್ಳುತ್ತದೆ. ಕೊನೆಗೆ ಪ್ರಾಣಿ ಮಲಗುವ ಎತ್ತರದಲ್ಲಿ, ನೆರಳಿರುವ ಕಿಟಕಿಯ ಬದಿಯ ಬೆಂಚಿನ ಕೆಳಗೆ, ಹಲ್ಲಿಗೆ ಸಿಗದಂತೆ ವೈರನ್ನು ಒಳಗೆ ಎಳೆದು ಕಟ್ಟಿ ಇಟ್ಟಿದ್ದೇನೆ. ಡಬ್ಬಿಯಿಂದ ಪ್ರತ್ಯೇಕವಾಗಿ, ಉದ್ದನೆಯ ವೈರಿನ ತುದಿಯಲ್ಲಿ ಸೆನ್ಸರ್ ಇರುವ ಮಾದರಿಗಳೂ ಇವೆ. ಮತ್ತೊಮ್ಮೆ ಕೊಳ್ಳುವುದಾದರೆ ನಾನು ಅಂಥದ್ದನ್ನೇ ಆಯ್ದುಕೊಳ್ಳುತ್ತೇನೆ. ಸಿಗ್ನಲ್ ಸಿಗುವ ಕಡೆ ಡಬ್ಬಿ, ಪ್ರಾಣಿ ಇರುವ ಕಡೆ ಸೆನ್ಸರ್ ಎಂದು ಎರಡನ್ನೂ ಬೇರೆ ಮಾಡಿದರೆ ಈ ಹೊಂದಾಣಿಕೆಯ ಕಷ್ಟವೇ ಇರುವುದಿಲ್ಲ.

ಕರೆಂಟ್ ಹೋದ ಸಂದೇಶವನ್ನು ಪರೀಕ್ಷಿಸಲು ಹೊರಗಿನ ಸಂಪರ್ಕದ ಬ್ರೇಕರನ್ನು ನಾನೇ ಇಳಿಸಿ ನೋಡಿದೆ. ಪ್ಲಗ್ಗಿನ ಹಸಿರು ದೀಪ ಆರಿತು, ಎಸಿಯ ಸದ್ದು ನಿಂತಿತು, ಕೈಯಲ್ಲಿದ್ದ ಫೋನು ನಿಮಿಷ ಕಳೆಯುವುದರೊಳಗೆ ಗುನುಗಿತು. ಎಸ್‌ಎಂಎಸ್ ಮೊದಲು ಬಂತು, ಆ್ಯಪ್‌ನ ಸೂಚನೆ ಅದರ ಹಿಂದೆ ಬಂತು, ಇಮೇಲ್ ಎಲ್ಲಕ್ಕಿಂತ ಕೊನೆಗೆ ಬಂತು. ಈ ಸಂದೇಶದ ಬೆಲೆ ದೊಡ್ಡದು. ತಾಪಮಾನ ಇನ್ನೂ ಏರಿಯೇ ಇಲ್ಲ, ಏರಲಿದೆ ಎಂಬುದು ಆಗಲೇ ನಮಗೆ ಗೊತ್ತಾಗಿರುತ್ತದೆ. ತಾಪಮಾನದ ಮಿತಿ ದಾಟಿದ ಮೇಲೆ ಬರುವ ಎಚ್ಚರಿಕೆಗೂ ಇದಕ್ಕೂ ನಡುವೆ ಸಿಗುವ ಸಮಯವೇ ನಾವು ವಾಪಸ್ ಓಡಿಬರಲು ಇರುವ ಸಮಯ. ಆದ್ದರಿಂದ ಕರೆಂಟ್ ಹೋದದ್ದನ್ನು ತಿಳಿಸದೆ ಕೇವಲ ತಾಪಮಾನ ತಿಳಿಸುವ ಸಾಧನವನ್ನು ಈ ಉದ್ದೇಶಕ್ಕೆ ಕೊಳ್ಳಬಾರದೆಂದು ಖಚಿತವಾಗಿ ಹೇಳುತ್ತೇನೆ.

ಬ್ರೇಕರನ್ನು ಮತ್ತೆ ಏರಿಸಿದಾಗ ‘ವಿದ್ಯುತ್ ಮರಳಿ ಬಂದಿದೆ’ ಎಂಬ ಸಂದೇಶವೂ ಅಷ್ಟೇ ಚುರುಕಾಗಿ ಬಂತು. ಆದರೆ ಎಸಿ ಮಾತ್ರ ಚಾಲೂ ಆಗಲಿಲ್ಲ. ರಿಮೋಟ್ ಅಥವಾ ಎಲೆಕ್ಟ್ರಾನಿಕ್ ಪ್ಯಾನೆಲ್ ಇರುವ ಎಸಿಗಳಲ್ಲಿ ಹಲವು, ಕರೆಂಟ್ ಹೋಗಿ ಬಂದ ಮೇಲೆ ಯಾರಾದರೂ ಗುಂಡಿ ಒತ್ತುವವರೆಗೆ ಹಾಗೆಯೇ ಆರಿಕೊಂಡಿರುತ್ತವೆ. ತಿರುಗಿಸುವ ನಾಬ್ ಇರುವ ಹಳೆಯ ಎಸಿಗಳು ಸಾಮಾನ್ಯವಾಗಿ ತಾವಾಗಿಯೇ ಮತ್ತೆ ಓಡತೊಡಗುತ್ತವೆ. ಎಂದ ಮೇಲೆ, ಕರೆಂಟ್ ಬಂದಿತೆಂಬ ಸಂದೇಶ ನೋಡಿ ನಿಟ್ಟುಸಿರು ಬಿಟ್ಟು ಊಟಕ್ಕೆ ಕೂರುವಂತಿಲ್ಲ. ತಾಪಮಾನ ಇಳಿಯುತ್ತಿದೆ ಎಂಬುದು ಆ್ಯಪ್‌ನ ಗೆರೆಯಲ್ಲಿ ಕಾಣುವವರೆಗೆ ವಾಪಸ್ ಹೊರಟ ಹೆಜ್ಜೆಯನ್ನು ನಿಲ್ಲಿಸಬಾರದು. ತಯಾರಕರು ಈ ಸಂದೇಶದ ಪಕ್ಕದಲ್ಲಿಯೇ ಆ ಹೊತ್ತಿನ ತಾಪಮಾನವನ್ನೂ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ಬರೆದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ನಿಮ್ಮ ಎಸಿ ಯಾವ ಬಗೆಯದೆಂದು ತಿಳಿಯಲು ಬ್ರೇಕರ್ ಒಮ್ಮೆ ಇಳಿಸಿ, ಕಂಪ್ರೆಸರಿಗೆ ಪೆಟ್ಟಾಗದಂತೆ ಕೆಲವು ನಿಮಿಷ ಬಿಟ್ಟು, ಏರಿಸಿ ನೋಡಿದರೆ ಸಾಕು.

ಕರೆಂಟ್ ಇದ್ದೂ ತಂಪು ಇಲ್ಲದ ಸ್ಥಿತಿಗಳೂ ಇವೆ, ಅಲ್ಲಿ ತಾಪಮಾನದ ಎಚ್ಚರಿಕೆಯೇ ಗತಿ. ಬಿಸಿಲಿನ ಮಧ್ಯಾಹ್ನ ಕ್ಯಾಂಪಿನ ಎಲ್ಲ ವಾಹನಗಳೂ ಒಟ್ಟಿಗೆ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. 120 ವೋಲ್ಟ್ ವ್ಯವಸ್ಥೆಯಲ್ಲಿ ಅದು 104 ವೋಲ್ಟಿನ ಆಸುಪಾಸಿಗೆ ಇಳಿದರೆ ಕೆಲವು ರಕ್ಷಣಾ ಸಾಧನಗಳು ಸಂಪರ್ಕವನ್ನೇ ಕಡಿದುಹಾಕುತ್ತವೆ. ಅಂಥ ಸಾಧನ ಇಲ್ಲದಿದ್ದರೆ ಕಂಪ್ರೆಸರ್ ಹೆಣಗಾಡಿ ಸುಟ್ಟುಹೋಗುವ ಅಪಾಯ. ತೇವ ಹೆಚ್ಚಿರುವ ದಿನಗಳಲ್ಲಿ, ಅಥವಾ ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡಿದ್ದರೆ, ಎಸಿಯ ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಸದ್ದು ಬರುತ್ತಿರುತ್ತದೆ, ತಂಪು ಬರುವುದಿಲ್ಲ. ಜನರೇಟರ್ ನಂಬಿಕೊಂಡವರಿಗೆ ಇಂಧನ ಮುಗಿಯುವ ಭಯ ಬೇರೆ. ಈ ಎಲ್ಲ ಸಂದರ್ಭಗಳಲ್ಲಿ ಸಾಧನದ ತಾಪಮಾನದ ಮಿತಿ ಎಷ್ಟಿದೆ ಎಂಬುದೇ ನಿರ್ಣಾಯಕ.

ಮಿತಿ ಎಷ್ಟಿರಬೇಕು? ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯಡಿಯ ಸಾಗಣೆ ನಿಯಮಗಳು, ನಾಯಿ ಬೆಕ್ಕುಗಳಿರುವ ಜಾಗದ ತಾಪಮಾನ 29.5 ಡಿಗ್ರಿಗಿಂತ ಮೇಲೆ ಅಥವಾ 7.2 ಡಿಗ್ರಿಗಿಂತ ಕೆಳಗೆ 4 ಗಂಟೆಗೂ ಹೆಚ್ಚು ಕಾಲ ಇರಕೂಡದೆಂದು ಹೇಳುತ್ತವೆ. ಇದನ್ನು ನೋಡಿ ಕೆಲವರು ಎಚ್ಚರಿಕೆಯ ಮಿತಿಯನ್ನು 29 ಅಥವಾ 30ಕ್ಕೆ ಇಡುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಅದು ಸಹಿಸಬಹುದಾದ ಗರಿಷ್ಠ ಮಟ್ಟವೇ ಹೊರತು ಹೊರಡುವ ಗಂಟೆ ಬಾರಿಸಬೇಕಾದ ಮಟ್ಟವಲ್ಲ. ಎಸಿಯನ್ನು 23ಕ್ಕೆ ಇಟ್ಟಿದ್ದರೆ ತಾಪಮಾನ 26 ತಲುಪಿತೆಂದರೆ ಎಸಿ ತನ್ನ ಕೆಲಸದಲ್ಲಿ ಸೋಲುತ್ತಿದೆ ಎಂದೇ ಅರ್ಥ. ನಾನು ಮಿತಿಯನ್ನು ಎಸಿಯ ಮಟ್ಟಕ್ಕಿಂತ ಮೂರು ಡಿಗ್ರಿ ಮೇಲೆ ಇಟ್ಟುಕೊಂಡಿದ್ದೇನೆ. ಅಪರೂಪಕ್ಕೊಮ್ಮೆ ಸುಳ್ಳು ಎಚ್ಚರಿಕೆ ಬರುತ್ತದೆ, ಅದರಿಂದ ಆಗುವ ನಷ್ಟವೆಂದರೆ ಫೋನ್ ತೆಗೆದು ನೋಡುವ ಶ್ರಮ ಅಷ್ಟೇ. ತೇವಾಂಶಕ್ಕೂ ಪ್ರತ್ಯೇಕ ಮಿತಿ ಇಡಲು ಈ ಆ್ಯಪ್‌ನಲ್ಲಿ ಅವಕಾಶವಿದೆ, ತೇಕಿಯೇ ತಂಪಾಗಬೇಕಾದ ಪ್ರಾಣಿಯ ವಿಷಯದಲ್ಲಿ ಅದು ಅಲಂಕಾರದ ಸೌಲಭ್ಯವಲ್ಲ. ಚಳಿಗಾಲದಲ್ಲಿ ಹೀಟರ್ ಆರಿಹೋದರೆ ಕೆಳಮಿತಿ ಕಾಪಾಡುತ್ತದೆ. ಚಳಿ ಬಿಸಿಗಿಂತ ನಿಧಾನವಾಗಿ ಪ್ರಾಣಿಯನ್ನು ಕಾಡುತ್ತದೆಯಾದ್ದರಿಂದ ಅಲ್ಲಿ ಗಡಿಬಿಡಿ ಕಡಿಮೆ.

ಇನ್ನು ಮೊದಲೇ ಹೇಳಿದ ಮೌನದ ವಿಷಯ. ಸಾಧನವನ್ನು ಮುಚ್ಚಳವಿರುವ ಸ್ಟೀಲ್ ಡಬ್ಬದೊಳಗೆ ಹಾಕಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಸಿಗ್ನಲ್ ಸಂಪೂರ್ಣ ಕಡಿದುಹೋಗುವಂತೆ ಮಾಡಿ ಫೋನ್ ನೋಡುತ್ತಾ ಕುಳಿತೆ. ಆ್ಯಪ್ ತೆರೆದರೆ ಕೊನೆಯದಾಗಿ ಬಂದ ತಾಪಮಾನವೇ, 23 ಡಿಗ್ರಿ ಎಂದು, ದೊಡ್ಡ ಹಸಿರು ಅಂಕಿಗಳಲ್ಲಿ ಹಾಗೆಯೇ ನಿಂತಿತ್ತು. ಅದು ಯಾವಾಗಿನ ಅಳತೆ ಎಂಬುದು ಅದರ ಕೆಳಗೆ, ಬಿಸಿಲಿನಲ್ಲಿ ನಿಂತು ಓದಲಾಗದಷ್ಟು ಸಣ್ಣ ಬೂದು ಅಕ್ಷರಗಳಲ್ಲಿ ಇತ್ತು. ಸಾಧನದೊಡನೆ ಸಂಪರ್ಕ ಕಡಿದಿದೆ ಎಂಬ ಸಂದೇಶ ಕಳುಹಿಸುವ ಸೌಲಭ್ಯ ಇದೆಯಾದರೂ ಅದು ಮೊದಲಿನಿಂದ ಚಾಲೂ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಚಾಲೂ ಮಾಡಬೇಕಾಯಿತು. ಚಾಲೂ ಮಾಡಿದ ಮೇಲೂ ಸಂದೇಶ ಬಂದದ್ದು ಅರ್ಧ ಗಂಟೆ ಕಳೆದ ಮೇಲೆ. ಮೇಲೆ ಹೇಳಿದ ಅಧ್ಯಯನದ ಲೆಕ್ಕವನ್ನು ನೆನೆದರೆ, ಬಿಸಿ ಏರಿಕೆಯ ಬಹುಪಾಲು ಮುಗಿಯುವ ಹೊತ್ತು ಅದು.

ಇದನ್ನು ನಾನು ಸಣ್ಣ ದೋಷವೆಂದು ಒಪ್ಪಲಾರೆ. ಮಾತಾಡುತ್ತಿರುವ ಸಾಧನ ಎಲ್ಲ ಸರಿಯಿದೆ ಎಂದರೆ ನಂಬಬಹುದು. ಆದರೆ ಮಾತು ನಿಲ್ಲಿಸಿದ ಸಾಧನದ ಕೊನೆಯ ಮಾತನ್ನು ಈಗಿನ ಸ್ಥಿತಿಯೆಂಬಂತೆ ಹಸಿರು ಬಣ್ಣದಲ್ಲಿ ತೋರಿಸುವುದು ಬಳಸುವವರನ್ನು ದಾರಿ ತಪ್ಪಿಸಿದಂತೆಯೇ. ಸಾಧನ ನಿಗದಿತ ಅವಧಿಯಲ್ಲಿ ಹಾಜರಿ ಹಾಕದಿದ್ದರೆ, ಅತ್ತ ಸರ್ವರ್ ತಾನಾಗಿಯೇ ಎಚ್ಚರಿಸಬೇಕು. ಒಂದೆರಡು ಹಾಜರಿ ತಪ್ಪಿದೊಡನೆ ಅಂಕಿಯ ಬಣ್ಣ ಬದಲಾಗಬೇಕು, ಮೂರನೆಯದು ತಪ್ಪಿದರೆ ಫೋನ್ ಬಾರಿಸಬೇಕು. ಇದು ಕಷ್ಟದ ತಂತ್ರಜ್ಞಾನವೇನೂ ಅಲ್ಲ, ಕಂಪ್ಯೂಟರ್ ಜಾಲಗಳ ಉಸ್ತುವಾರಿಯಲ್ಲಿ ಬಹಳ ಕಾಲದಿಂದ ನಡೆದುಬಂದ ಕ್ರಮ. ಗ್ರಾಹಕ ಸೇವೆಗೆ ಬರೆದು ಕೇಳಿದಾಗ, ನೆಟ್‌ವರ್ಕ್ ದುರ್ಬಲವಾಗಿರುವ ಕಡೆ ಸುಳ್ಳು ಎಚ್ಚರಿಕೆಗಳು ಹೆಚ್ಚಾಗಬಾರದೆಂದು ಅವಧಿಯನ್ನು ಉದ್ದ ಇಟ್ಟಿದ್ದೇವೆ ಎಂಬ ಉತ್ತರ ಬಂತು. ಅವರ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಆ ಆಯ್ಕೆ ಬಳಸುವವರ ಕೈಯಲ್ಲಿ ಇರಬೇಕಿತ್ತು. ಒಳಗೆ ಇರುವುದು ನನ್ನ ನಾಯಿ. ಎಷ್ಟು ಸುಳ್ಳು ಎಚ್ಚರಿಕೆಗಳನ್ನು ಸಹಿಸಿಕೊಳ್ಳಲು ನಾನು ಸಿದ್ಧನಿದ್ದೇನೆ ಎಂಬುದನ್ನು ನಾನೇ ನಿರ್ಧರಿಸಬೇಕು.

ಸಾಧನ ಮೌನವಾಗಲು ಇನ್ನೊಂದು ಕಾರಣವಿದೆ, ಅದು ಬಿಸಿಯೇ. ಸಾಮಾನ್ಯವಾಗಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡುವಂತಿಲ್ಲ, 60 ಡಿಗ್ರಿಯ ಮೇಲೆ ಬಳಸುವಂತೆಯೂ ಇಲ್ಲ. ಹೀಗಾಗಿ ಮುಂದಿನ ಗಾಜಿನ ಹಿಂದೆ, ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಸಾಧನ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ತನ್ನನ್ನು ರಕ್ಷಿಸಿಕೊಳ್ಳಲು ಆರಿಹೋಗಬಹುದು. ಹಳೆಯ ಫೋನನ್ನು ಕ್ಯಾಮೆರಾ ಮಾಡಿ ಕ್ಯಾಂಪರ್‌ನಲ್ಲಿ ಬಿಟ್ಟು ಹೋಗುವ ಅಗ್ಗದ ಉಪಾಯಕ್ಕೂ ಇದೇ ತೊಡಕು. ಕ್ಯಾಮೆರಾ ಇರುವುದು ಒಳ್ಳೆಯದೇ, ನಾಯಿ ಮಲಗಿದೆಯೋ ತೇಕುತ್ತಿದೆಯೋ ಎಂದು ಕಣ್ಣಾರೆ ನೋಡಬಹುದು. ಆದರೆ ನೋಡಬೇಕೆಂದು ನಮಗೆ ನೆನಪಾದಾಗ ಮಾತ್ರ ಅದು ಉಪಯುಕ್ತ, ತಾನಾಗಿ ಕೂಗಿ ಕರೆಯುವ ಕೆಲಸ ಅದರಿಂದ ಆಗದು.

ಸಂದೇಶ ತಲುಪುವ ಈಚೆಯ ತುದಿಯ ಬಗ್ಗೆ ಸಾಧನದ ಕೈಪಿಡಿ ಒಂದು ಮಾತನ್ನೂ ಹೇಳುವುದಿಲ್ಲ. ಫೋನ್ ಸೈಲೆಂಟ್‌ನಲ್ಲಿದ್ದರೆ ಎಂಥ ಎಚ್ಚರಿಕೆಯೂ ಕೇಳಿಸದು. ಸಾಧನದ ಸಂದೇಶ ಬರುವ ಸಂಖ್ಯೆಯನ್ನು ಸಂಪರ್ಕ ಪಟ್ಟಿಗೆ ಸೇರಿಸಿ, ಸೈಲೆಂಟ್ ಇದ್ದಾಗಲೂ ಅದು ಸದ್ದು ಮಾಡುವಂತೆ ಅನುಮತಿ ಕೊಡುವುದು ಬಹುತೇಕ ಫೋನ್‌ಗಳಲ್ಲಿ ಸಾಧ್ಯ, ಅದನ್ನು ಮೊದಲ ದಿನವೇ ಮಾಡಿಡಬೇಕು. ಆ್ಯಪ್‌ನ ಸೂಚನೆಗೆ ಇಂಟರ್ನೆಟ್ ಬೇಕು, ಎಸ್‌ಎಂಎಸ್‌ಗೆ ಬೇಡ. ಸಿಗ್ನಲ್ ಕಡಿಮೆ ಇರುವ ಕಡೆ ಈ ಭೇದ ಗೊತ್ತಾಗುತ್ತದೆ. ಮಾರ್‌ಸೆಲ್‌ನಂಥ ಕೆಲವು ಸೇವೆಗಳು ಫೋನ್ ಕರೆಯನ್ನೇ ಮಾಡುತ್ತವೆ. ನನ್ನ ಸಾಧನದಲ್ಲಿ ಆ ಸೌಲಭ್ಯ ಇಲ್ಲದಿರುವುದು ಒಂದು ಕೊರತೆಯೇ. ಚಿತ್ರಮಂದಿರ, ನೆಲಮಾಳಿಗೆ, ಕಣಿವೆಯ ಕಾಲುದಾರಿ ಇಂಥ ಕಡೆ ನಮ್ಮ ಫೋನಿಗೇ ಸಿಗ್ನಲ್ ಇರದಿದ್ದರೆ ಕ್ಯಾಂಪರ್‌ನೊಳಗಿನ ಸಾಧನ ಎಷ್ಟು ಒಳ್ಳೆಯದಾದರೂ ವ್ಯರ್ಥ. ಅಂಥ ಜಾಗಕ್ಕೆ ಹೋಗುವ ದಿನ ನಮ್ಮಲ್ಲಿ ಒಬ್ಬರು ನಾಯಿಯ ಜೊತೆ ಉಳಿಯುತ್ತೇವೆ.

ಸಿಮ್ ಇರುವ ಸಾಧನಗಳಿಗೆ ಚಂದಾ ಕಟ್ಟಬೇಕು, ಕಟ್ಟುವುದನ್ನು ನಿಲ್ಲಿಸಿದರೆ ಸಾಧನ ಕೆಲಸಕ್ಕೆ ಬಾರದು. ಬೇಸಿಗೆಯ ತಿಂಗಳುಗಳಿಗೆ ಮಾತ್ರ ಕಟ್ಟುವ ಅವಕಾಶ ಇದೆಯೇ ಎಂದು ಕೊಳ್ಳುವ ಮುನ್ನ ವಿಚಾರಿಸುವುದು ಒಳ್ಳೆಯದು. ಒಂದೇ ಕಂಪನಿಯ ನೆಟ್‌ವರ್ಕಿಗೆ ಅಂಟಿಕೊಂಡ ಸಿಮ್‌ಗಿಂತ, ಸಿಕ್ಕ ನೆಟ್‌ವರ್ಕನ್ನು ಬಳಸಿಕೊಳ್ಳುವ ಸಿಮ್ ಪ್ರಯಾಣಿಕರಿಗೆ ಹೆಚ್ಚು ಅನುಕೂಲ. ಯಾವ ತಲೆಮಾರಿನ ತಂತ್ರಜ್ಞಾನ ಎಂಬುದನ್ನೂ ಕೇಳಬೇಕು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಕಂಪನಿಗಳು 3ಜಿ ಸೇವೆಯನ್ನು ನಿಲ್ಲಿಸಿದಾಗ, ಕೇವಲ 3ಜಿ ನಂಬಿದ್ದ ಸಾಧನಗಳೆಲ್ಲ ಒಮ್ಮೆಲೇ ನಿರುಪಯೋಗಿಯಾದವು. ಹಳೆಯ ಸಾಧನವನ್ನು ಕಡಿಮೆ ಬೆಲೆಗೆ ಕೊಳ್ಳಲು ಹೊರಟವರು ಇದನ್ನು ಮರೆಯಬಾರದು.

ಎಚ್ಚರಿಕೆ ಬಂದ ಮೇಲೆ ಏನು ಮಾಡುವುದು ಎಂಬುದಕ್ಕೆ ಯಾವ ಸಾಧನದಲ್ಲಿಯೂ ಉತ್ತರವಿಲ್ಲ, ಅದನ್ನು ನಾವೇ ಕಂಡುಕೊಳ್ಳಬೇಕು. ಹದಿನೈದು ನಿಮಿಷದೊಳಗೆ ವಾಪಸ್ ಬರಲಾಗದಷ್ಟು ದೂರ ನಾವು ಹೋಗುವುದಿಲ್ಲ. ಕ್ಯಾಂಪಿನಲ್ಲಿ ಉಳಿದಾಗ ಪಕ್ಕದ ವಾಹನದವರ ಅಥವಾ ಅಲ್ಲಿನ ಉಸ್ತುವಾರಿಯವರ ಪರಿಚಯ ಮಾಡಿಕೊಂಡು, ಅವರು ಒಪ್ಪಿದರೆ ಅವರ ಸಂಖ್ಯೆಯನ್ನೂ ಎಚ್ಚರಿಕೆಯ ಪಟ್ಟಿಗೆ ಸೇರಿಸುತ್ತೇವೆ, ಬಾಗಿಲು ತೆರೆಯುವ ವಿಧಾನವನ್ನು ತಿಳಿಸಿರುತ್ತೇವೆ. ಕಿಟಕಿಯ ಗಾಜಿಗೆ ಒಳಗಿನಿಂದ ಒಂದು ಕಾರ್ಡ್ ಅಂಟಿಸಿದ್ದೇವೆ. ಒಳಗೆ ನಾಯಿ ಇದೆ, ಎಸಿ ಓಡುತ್ತಿದೆ, ತಾಪಮಾನವನ್ನು ನಾವು ಗಮನಿಸುತ್ತಿದ್ದೇವೆ, ಏನಾದರೂ ಅನುಮಾನ ಬಂದರೆ ಈ ಸಂಖ್ಯೆಗೆ ಕರೆ ಮಾಡಿ ಎಂದು ದಪ್ಪಕ್ಷರಗಳಲ್ಲಿ ಬರೆದಿದ್ದೇವೆ. ಅದರ ಪಕ್ಕದಲ್ಲಿ ಹೊರಗಿನಿಂದ ಓದಬಹುದಾದ ಸಾಮಾನ್ಯ ಥರ್ಮಾಮೀಟರ್ ತೂಗುಹಾಕಿದ್ದೇವೆ. ಟೆಸ್ಲಾ ಕಂಪನಿ 2019ರಲ್ಲಿ ತನ್ನ ಕಾರುಗಳಿಗೆ ತಂದ ಡಾಗ್ ಮೋಡ್‌ನಲ್ಲಿಯೂ ಒಳಗಿನ ತಾಪಮಾನವನ್ನು ಪರದೆಯ ಮೇಲೆ ದಾರಿಹೋಕರಿಗೆ ಕಾಣುವಂತೆ ದೊಡ್ಡದಾಗಿ ತೋರಿಸುತ್ತಾರೆ. ಬ್ಯಾಟರಿ ಶೇಕಡಾ 20ಕ್ಕಿಂತ ಕೆಳಗಿಳಿದರೆ ಮಾಲೀಕರ ಫೋನಿಗೆ ಸೂಚನೆಯೂ ಹೋಗುತ್ತದೆ. ಹಾದುಹೋಗುವವರ ಕಾಳಜಿಯನ್ನು ಅಡ್ಡಿಯೆಂದು ನೋಡದೆ ಇನ್ನೊಂದು ಜೋಡಿ ಕಣ್ಣು ಎಂದು ನೋಡಿದ ಆ ವಿನ್ಯಾಸ ನನಗೆ ಬಹಳ ಹಿಡಿಸಿತು. ಕ್ಯಾಂಪರ್‌ಗಳ ಸಾಧನಗಳನ್ನು ತಯಾರಿಸುವವರು ಕಿಟಕಿಗೆ ಮುಖ ಮಾಡುವ ಒಂದು ಸಣ್ಣ ಪರದೆಯನ್ನು ಸೇರಿಸಿದರೆ ಒಳ್ಳೆಯದು.

ಹಾಗಾದರೆ ಕೊಳ್ಳಬಹುದೇ? ನಂಬಿಕಸ್ಥ ಎಸಿ ಇರುವ, ಹೊರಗಿನ ಕರೆಂಟ್ ಸಂಪರ್ಕವಿರುವ ಜಾಗಗಳಲ್ಲಿ ತಂಗುವ, ಅಲ್ಪ ಹೊತ್ತು ಹತ್ತಿರದಲ್ಲೇ ಹೋಗಿಬರುವ ಕುಟುಂಬಗಳಿಗೆ ಇಂಥ ಸಾಧನ ಅಗತ್ಯವೇ ಸರಿ. ನಾವು ಅದಿಲ್ಲದೆ ನಾಯಿಯನ್ನು ಬಿಟ್ಟು ಹೊರಡುವುದಿಲ್ಲ. ಸಂಪರ್ಕ ಕಡಿದಾಗ ಬರುವ ಸಂದೇಶವನ್ನು ಚಾಲೂ ಮಾಡಿಕೊಳ್ಳಿ, ಆ ಸಂದೇಶದ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಲು ಸಾಧ್ಯವಿರುವ ಮಾದರಿ ಸಿಕ್ಕರೆ ನನ್ನದನ್ನು ಬಿಟ್ಟು ಅದನ್ನೇ ಕೊಳ್ಳಿ. ಆದರೆ ಕ್ಯಾಂಪರ್‌ನಲ್ಲಿ ಎಸಿಯೇ ಇಲ್ಲದೆ ಚಾವಣಿಯ ಫ್ಯಾನನ್ನು ಮಾತ್ರ ನೆಚ್ಚಿಕೊಂಡವರು ಇದಕ್ಕೆ ಹಣ ಹಾಕುವ ಮೊದಲು ಯೋಚಿಸಬೇಕು. ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆಯೇ ಹೊರತು ಅದನ್ನು ತಂಪು ಮಾಡುವುದಿಲ್ಲ. ಹೊರಗೆ 34 ಡಿಗ್ರಿ ಇರುವಾಗ ಒಳಗೆ ಅದಕ್ಕಿಂತ ಕಡಿಮೆ ಇರುವಂತೆ ಫ್ಯಾನಿನಿಂದ ಕಾಯ್ದುಕೊಳ್ಳಲಾಗದು. ಅಂಥ ದಿನ ಈ ಸಾಧನ ಹೇಳಬಹುದಾದದ್ದು ನಿಮಗೆ ಆಗಲೇ ಗೊತ್ತಿರುವ ಸಂಗತಿಯನ್ನು. ಆ ದಿನಗಳಲ್ಲಿ ಪ್ರಾಣಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಇಲ್ಲವೇ ಹೊರಗೆ ಹೋಗುವುದನ್ನು ಬಿಸಿಲು ಇಳಿಯುವವರೆಗೆ ಮುಂದೂಡಿ.